ಸಗಣಿಯ ಅನಿಲದಿಂದ ಡೀಸೆಲಿನವರೆಗೆ: ಆಲ್ಕೇನ್ ಎಂಬ ಇಂಧನ ಕುಟುಂಬ

(ಭಾಷಣದ ಪಠ್ಯ)



ನೀರು ಬೆಂಕಿಯನ್ನು ಆರಿಸುತ್ತದೆ ಎಂಬುದು ಚಿಕ್ಕ ಮಗುವಿಗೂ ಗೊತ್ತಿರುವ ಮಾತು. ಆದರೆ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೀರಿನ ಮೇಲಿನ ನೊರೆಗೇ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಅದೇ ಕೆರೆಯಂಗಳದಲ್ಲಿ ಮತ್ತೆ ಬೆಂಕಿ ಎದ್ದಿತು. ಒಣಗಿದ ಕಳೆಗೂ ಕಸಕ್ಕೂ ಯಾರೋ ಕಿಡಿ ಹಚ್ಚಿದ್ದರಿಂದ ಹೀಗಾಯಿತೆಂದು ಕೆಲವರು ಹೇಳಿದರು. ಕೊಳಚೆಯಿಂದ ಹುಟ್ಟುವ ಮಿಥೇನ್ ಅನಿಲ, ನೀರಿನ ಮೇಲೆ ತೇಲುವ ಎಣ್ಣೆಯ ಪದರ ಮತ್ತು ಸಾಬೂನಿನ ನೊರೆ, ಇವು ಮೂರೂ ಸೇರಿದರೆ ನೀರಿನ ಮೇಲೂ ಬೆಂಕಿ ಉರಿಯಬಲ್ಲದೆಂದು ವಿಜ್ಞಾನಿಗಳು ತೋರಿಸಿಕೊಟ್ಟರು.

ಈ ಮಿಥೇನ್ ರೈತನಿಗೆ ಹೊಸದೇನಲ್ಲ. ಗೋಬರ್ ಅನಿಲದ ಒಲೆಯಲ್ಲಿ ನೀಲಿ ಜ್ವಾಲೆಯಾಗಿ ಉರಿಯುವುದು ಇದೇ ಮಿಥೇನ್. ಅಡುಗೆಮನೆಯ ಸಿಲಿಂಡರಿನಲ್ಲಿರುವುದು, ಮೋಟಾರ್ ಸೈಕಲ್ಲಿಗೆ ಹಾಕುವುದು, ಪಂಪ್‌ಸೆಟ್ಟಿಗೂ ಟ್ರ್ಯಾಕ್ಟರಿಗೂ ಸುರಿಯುವುದು, ಇವೆಲ್ಲವೂ ಬಹುಪಾಲು ಇದರ ಒಡಹುಟ್ಟುಗಳೇ. ರಸಾಯನಶಾಸ್ತ್ರದಲ್ಲಿ ಈ ಕುಟುಂಬಕ್ಕೆ ಆಲ್ಕೇನ್‌ಗಳು ಎಂದು ಹೆಸರು. ಈ ಕುಟುಂಬದ ಗುಣವನ್ನು ಅರಿತವನು ಇಂಧನದ ಖರ್ಚನ್ನು ಉಳಿಸಬಲ್ಲನು. ಕೆಲವು ಸಂದರ್ಭಗಳಲ್ಲಿ ಪ್ರಾಣವನ್ನೂ ಉಳಿಸಬಲ್ಲನು.

ಇಂಗಾಲದ ಸರಪಳಿ

ಆಲ್ಕೇನ್‌ಗಳಲ್ಲಿ ಇರುವುದು ಎರಡೇ ಧಾತುಗಳು: ಇಂಗಾಲ ಮತ್ತು ಜಲಜನಕ. ಇಂಗಾಲದ ಪ್ರತಿ ಪರಮಾಣುವಿಗೆ ನಾಲ್ಕು ಕೈಗಳಿವೆ ಎಂದು ಭಾವಿಸಬಹುದು. ಒಂದೇ ಇಂಗಾಲವಿದ್ದು, ಅದರ ನಾಲ್ಕು ಕೈಗಳನ್ನೂ ನಾಲ್ಕು ಜಲಜನಕ ಪರಮಾಣುಗಳು ಹಿಡಿದರೆ ಅದು ಮಿಥೇನ್. ಎರಡು ಇಂಗಾಲಗಳು ಪರಸ್ಪರ ಕೈಹಿಡಿದು, ಉಳಿದ ಆರು ಕೈಗಳಿಗೆ ಜಲಜನಕ ಸೇರಿದರೆ ಈಥೇನ್. ಮೂರು ಇಂಗಾಲಗಳಾದರೆ ಪ್ರೊಪೇನ್, ನಾಲ್ಕಾದರೆ ಬ್ಯೂಟೇನ್. ಹೀಗೆ ಕೊಂಡಿಗೆ ಕೊಂಡಿ ಸೇರಿ ಸರಪಳಿ ಬೆಳೆಯುತ್ತದೆ. ಇಂಗಾಲ ಎಷ್ಟಿದೆಯೋ ಅದರ ಎರಡರಷ್ಟಕ್ಕೆ ಇನ್ನೆರಡು ಸೇರಿಸಿದರೆ ಜಲಜನಕದ ಲೆಕ್ಕ ಸಿಗುತ್ತದೆ. ಎಂಟು ಇಂಗಾಲಗಳ ಆಕ್ಟೇನಿನಲ್ಲಿ ಹದಿನೆಂಟು ಜಲಜನಕಗಳು ಇರುವುದು ಹೀಗೆ.

ಸರಪಳಿ ಚಿಕ್ಕದಿದ್ದಾಗ ಅಣುಗಳು ಹಗುರ. ಒಂದನ್ನೊಂದು ಹಿಡಿದಿಡುವ ಬಲ ಕಡಿಮೆ. ಆದುದರಿಂದ ಅವು ಅನಿಲವಾಗಿ ಹಾರಾಡುತ್ತವೆ. ಸರಪಳಿ ಉದ್ದವಾದಂತೆ ಅಣುಗಳು ಒಂದಕ್ಕೊಂದು ಹೆಚ್ಚು ಅಂಟಿಕೊಂಡು ದ್ರವವಾಗುತ್ತವೆ; ಇನ್ನೂ ಉದ್ದವಾದರೆ ಮೇಣವಾಗಿ ಗಟ್ಟಿಯಾಗುತ್ತವೆ. ಮಿಥೇನ್ ಕುದಿಯುವುದು ಸೊನ್ನೆಗಿಂತ 161 ಡಿಗ್ರಿ ಸೆಲ್ಸಿಯಸ್ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸುಮಾರು ಸೊನ್ನೆಯಲ್ಲಿ. ಐದು ಇಂಗಾಲಗಳ ಪೆಂಟೇನ್ 36 ಡಿಗ್ರಿಯಲ್ಲಿ, ಆಕ್ಟೇನ್ 126 ಡಿಗ್ರಿಯಲ್ಲಿ, ಹದಿನಾರು ಇಂಗಾಲಗಳ ಸೀಟೇನ್ 287 ಡಿಗ್ರಿಯಲ್ಲಿ ಕುದಿಯುತ್ತವೆ. ಮೇಣದಬತ್ತಿಯ ಮೇಣದಲ್ಲಿರುವುದೂ ಇಪ್ಪತ್ತಕ್ಕಿಂತ ಹೆಚ್ಚು ಇಂಗಾಲಗಳ ಆಲ್ಕೇನ್‌ಗಳೇ.

ಉರಿಯುವ ಬಗೆ ಮಾತ್ರ ಎಲ್ಲಕ್ಕೂ ಒಂದೇ. ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ, ಜಲಜನಕವು ನೀರಿನ ಆವಿಯಾಗುತ್ತದೆ, ಶಾಖ ಹೊರಬರುತ್ತದೆ. ಒಂದು ಕಿಲೋ ಮಿಥೇನ್ ಪೂರ್ಣವಾಗಿ ಉರಿಯಲು ನಾಲ್ಕು ಕಿಲೋ ಆಮ್ಲಜನಕ ಬೇಕು. ಗಾಳಿ ಸಾಲದೆ ಹೋದರೆ ಜ್ವಾಲೆ ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿಯುತ್ತದೆ; ಜೊತೆಗೆ ಇಂಗಾಲದ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲವೂ ಹುಟ್ಟುತ್ತದೆ. ಅಡುಗೆಮನೆಗೆ ಕಿಟಕಿ ಬೇಕೆನ್ನುವುದು ಇದಕ್ಕಾಗಿ.

ದೇವನಗೊಂದಿಗೆ ಬರುವ ಎಣ್ಣೆ

ಕೆ.ಆರ್. ಪುರಂ ದಾಟಿ ಪೂರ್ವಕ್ಕೆ ಹೋದರೆ ಹೊಸಕೋಟೆ ತಾಲ್ಲೂಕಿನ ದೇವನಗೊಂದಿ ಸಿಗುತ್ತದೆ. ಅಲ್ಲಿ ದೊಡ್ಡ ದೊಡ್ಡ ಇಂಧನ ತೊಟ್ಟಿಗಳಿವೆ. ಮಂಗಳೂರಿನಿಂದ ಹಾಸನದ ಮಾರ್ಗವಾಗಿ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವೊಂದು 2003ರಿಂದ ಇಲ್ಲಿಗೆ ಇಂಧನವನ್ನು ಹೊತ್ತು ತರುತ್ತಿದೆ. ನೆಲದಿಂದ ತೆಗೆದ ಕಚ್ಚಾ ಎಣ್ಣೆಯಲ್ಲಿ ಉದ್ದ, ಗಿಡ್ಡ ಎಲ್ಲ ಸರಪಳಿಗಳೂ ಬೆರೆತಿರುತ್ತವೆ. ಮಂಗಳೂರಿನ ಸಂಸ್ಕರಣಾಗಾರದಲ್ಲಿ ಅದನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಕಡಿಮೆ ಶಾಖದಲ್ಲಿ ಕುದಿಯುವ ಚಿಕ್ಕ ಸರಪಳಿಗಳು ಮೇಲಕ್ಕೇರುತ್ತವೆ, ಉದ್ದ ಸರಪಳಿಗಳು ಕೆಳಗೇ ಉಳಿಯುತ್ತವೆ. ಮೊರದಲ್ಲಿ ಕೇರಿದಾಗ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಗುವಂತೆ, ಇಲ್ಲಿ ಶಾಖವೇ ಮೊರದ ಕೆಲಸ ಮಾಡುತ್ತದೆ. ಸುಮಾರು ನಾಲ್ಕರಿಂದ ಹನ್ನೆರಡು ಇಂಗಾಲಗಳವರೆಗಿನ ಭಾಗ ಪೆಟ್ರೋಲ್. ಹತ್ತರಿಂದ ಹದಿನಾರರ ಆಸುಪಾಸು ಸೀಮೆಎಣ್ಣೆ. ಹನ್ನೆರಡರಿಂದ ಇಪ್ಪತ್ತರ ಆಸುಪಾಸು ಡೀಸೆಲ್. ಇವುಗಳಲ್ಲಿ ಆಲ್ಕೇನ್‌ಗಳ ಜೊತೆಗೆ ಉಂಗುರದ ಆಕಾರದ ಬೇರೆ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಇಂದಿನ ಪೆಟ್ರೋಲಿಗೆ ಎಥನಾಲನ್ನೂ ಬೆರೆಸಲಾಗುತ್ತದೆ. ಅದರಲ್ಲಿ ಆಮ್ಲಜನಕವಿರುವುದರಿಂದ ಅದು ಆಲ್ಕೇನ್ ಅಲ್ಲ.

ಪೆಟ್ರೋಲ್ ಎಂಜಿನ್ ಕಿಡಿಯಿಂದ ಉರಿಯುವಂಥದು. ಕಿಡಿಯ ಜ್ವಾಲೆ ತಲುಪುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಂಡರೆ ಎಂಜಿನ್ ಕುಟ್ಟಿದಂತೆ ಸದ್ದು ಮಾಡುತ್ತದೆ, ಬೇಗ ಹಾಳಾಗುತ್ತದೆ. ನೇರವಾದ ಉದ್ದ ಸರಪಳಿಗಳು ಹೀಗೆ ಬೇಗ ಹೊತ್ತಿಕೊಳ್ಳುತ್ತವೆ. ಕವಲೊಡೆದ ಸರಪಳಿಗಳು ತಡೆದುಕೊಳ್ಳುತ್ತವೆ. ಈ ತಡೆಯುವ ಶಕ್ತಿಯ ಅಳತೆಯೇ ಆಕ್ಟೇನ್ ಅಂಕ. ಡೀಸೆಲ್ ಎಂಜಿನ್ ಇದಕ್ಕೆ ತದ್ವಿರುದ್ಧ. ಅದರಲ್ಲಿ ಕಿಡಿಯೇ ಇಲ್ಲ. ಒತ್ತಿ ಹಿಡಿದು ಕಾಯಿಸಿದ ಗಾಳಿಗೆ ಇಂಧನ ಚಿಮ್ಮಿದೊಡನೆ ತಾನಾಗಿ ಹೊತ್ತಿಕೊಳ್ಳಬೇಕು. ಅಲ್ಲಿ ನೇರ ಸರಪಳಿಯೇ ಶ್ರೇಷ್ಠ. ಅದರ ಅಳತೆ ಸೀಟೇನ್ ಅಂಕ. ಒಂದರ ಗುಣವೇ ಇನ್ನೊಂದರ ದೋಷವಾದ್ದರಿಂದ ಒಂದರ ಬದಲು ಇನ್ನೊಂದನ್ನು ಹಾಕಲಾಗದು.

ಡೀಸೆಲಿಗೆ ಸೀಮೆಎಣ್ಣೆ ಬೆರೆಸುವ ಅಭ್ಯಾಸದ ಬಗ್ಗೆಯೂ ಇಲ್ಲಿ ಹೇಳಬೇಕು. ಸೀಮೆಎಣ್ಣೆಯ ಸರಪಳಿ ಚಿಕ್ಕದು, ಆದುದರಿಂದ ಅದು ತೆಳು. ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪಿನ ನಯವಾದ ಭಾಗಗಳಿಗೆ ಡೀಸೆಲೇ ಜಿಡ್ಡಿನಂತೆ ಕೆಲಸ ಮಾಡುತ್ತದೆ. ತೆಳುವಾದ ಎಣ್ಣೆ ಹಾಕಿದರೆ ಆ ಭಾಗಗಳು ಸವೆಯುತ್ತವೆ. ಲೀಟರಿಗೆ ಕೆಲವು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪಂಪನ್ನು ಕಳೆದುಕೊಂಡಂತಾಗುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಸೋಸುಕಾಗದದ ಪರೀಕ್ಷೆ, ಸಾಂದ್ರತೆಯ ಪರೀಕ್ಷೆ ಮತ್ತು ಐದು ಲೀಟರ್ ಅಳತೆಯ ಪರೀಕ್ಷೆ, ಈ ಮೂರನ್ನೂ ಕೇಳುವ ಹಕ್ಕು ಗ್ರಾಹಕನಿಗಿದೆ. ಸೋಸುಕಾಗದದ ಮೇಲೆ ಒಂದು ಹನಿ ಪೆಟ್ರೋಲ್ ಬಿಟ್ಟರೆ ಎರಡು ನಿಮಿಷದೊಳಗೆ ಕಲೆಯುಳಿಯದೆ ಆರಿಹೋಗಬೇಕು. ಚಿಕ್ಕ ಸರಪಳಿ ಬೇಗ ಆವಿಯಾಗುತ್ತದೆ. ಸೀಮೆಎಣ್ಣೆ, ಡೀಸೆಲ್ ಬೆರೆತಿದ್ದರೆ ಉದ್ದ ಸರಪಳಿ ಕಾಗದದಲ್ಲಿ ಕಲೆಯಾಗಿ ಉಳಿಯುತ್ತದೆ.

ಗೋಬರ್ ಅನಿಲವನ್ನು ಸಿಲಿಂಡರಿಗೆ ತುಂಬಬಾರದೇಕೆ?

ಅನಿಲ ಸ್ಥಾವರ ಹಾಕಿಸಿದ ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಮಿಕ್ಕ ಅನಿಲವನ್ನು ಖಾಲಿ ಸಿಲಿಂಡರಿಗೆ ತುಂಬಿ ಇಟ್ಟುಕೊಳ್ಳಬಾರದೇ ಎಂಬುದು ಅವರ ಆಸೆ. ಉತ್ತರ ಸರಪಳಿಯಲ್ಲೇ ಇದೆ.

ಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಸ್ವಲ್ಪ ಒತ್ತಡ ಕೊಟ್ಟರೆ ನಮ್ಮ ಸಾಧಾರಣ ಹವೆಯಲ್ಲೇ ಇವು ದ್ರವವಾಗುತ್ತವೆ. ಆದುದರಿಂದಲೇ ಒಂದು ಚಿಕ್ಕ ಸಿಲಿಂಡರಿನಲ್ಲಿ 14.2 ಕಿಲೋ ಇಂಧನ ಹಿಡಿಯುತ್ತದೆ. ಮಿಥೇನ್ ಹಾಗಲ್ಲ. ಸೊನ್ನೆಗಿಂತ 82 ಡಿಗ್ರಿ ಕೆಳಗೆ ಇಳಿಸದೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ. ಹಡಗುಗಳಲ್ಲಿ ಮಿಥೇನನ್ನು ಸಾಗಿಸುವವರು ಅದನ್ನು ಸೊನ್ನೆಗಿಂತ ಸುಮಾರು 162 ಡಿಗ್ರಿ ಕೆಳಗೆ ತಣಿಸುತ್ತಾರೆ; ಆಗ ಅದರ ಗಾತ್ರ ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಿ.ಎನ್.ಜಿ. ಆಟೋಗಳಲ್ಲಿ ಅನಿಲವಾಗಿಯೇ ಇಟ್ಟು, ಗಾಳಿಯ ಒತ್ತಡದ ಇನ್ನೂರರಷ್ಟು ಒತ್ತಿ ತುಂಬುತ್ತಾರೆ; ಅದಕ್ಕೆ ದಪ್ಪ ಗೋಡೆಯ ಬೇರೆಯೇ ಸಿಲಿಂಡರ್ ಬೇಕು. ಅಡುಗೆ ಸಿಲಿಂಡರ್ ಆ ಒತ್ತಡಕ್ಕೆ ತಯಾರಾದುದಲ್ಲ. ಅದಕ್ಕೆ ಅನಿಲ ತುಂಬುವ ಪ್ರಯತ್ನವನ್ನೇ ಮಾಡಕೂಡದು. ದೂರಕ್ಕೆ ಸಾಗಿಸಲು ಕೊಳವೆ ಮಾರ್ಗವೇ ಸುಲಭ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ನೈಸರ್ಗಿಕ ಅನಿಲದ ಕೊಳವೆ ಮಾರ್ಗ 2013ರಲ್ಲಿ ಆರಂಭವಾಯಿತು. ಆ ಅನಿಲವೂ ಮುಖ್ಯವಾಗಿ ಮಿಥೇನೇ.

ಒಲೆಯ ವಿಷಯದಲ್ಲೂ ಇದೇ ವ್ಯತ್ಯಾಸ. ಒಂದು ಪಾಲು ಪ್ರೊಪೇನಿಗೆ ಸುಮಾರು 24 ಪಾಲು ಗಾಳಿ ಬೇಕು. ಬ್ಯೂಟೇನಿಗೆ 31 ಪಾಲು. ಶೇಕಡಾ 60ರಷ್ಟು ಮಿಥೇನ್ ಇರುವ ಗೋಬರ್ ಅನಿಲಕ್ಕೆ ಆರು ಪಾಲು ಗಾಳಿ ಸಾಕು. ಹಾಗಾಗಿ ಸಿಲಿಂಡರಿನ ಒಲೆಯ ಸಣ್ಣ ತೂತು ಗೋಬರ್ ಅನಿಲಕ್ಕೆ ಹೊಂದುವುದಿಲ್ಲ. ಅದಕ್ಕೆಂದೇ ಮಾಡಿದ ಒಲೆಯನ್ನು ಬಳಸಬೇಕು.

ಐವತ್ತು ಕಿಲೋ ಸಗಣಿಯ ಲೆಕ್ಕ

ಗಾಳಿಯಾಡದ ಕಡೆ ಸಗಣಿ, ಸೊಪ್ಪು, ಕೊಳಚೆ ಕೊಳೆತಾಗ ಸೂಕ್ಷ್ಮಜೀವಿಗಳು ಅದನ್ನು ಒಡೆದು ಮಿಥೇನನ್ನು ಬಿಡುತ್ತವೆ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಸರೋವರವೊಂದರ ಕೆಸರನ್ನು ಕೆದಕಿ, ಏಳುವ ಗುಳ್ಳೆಗಳನ್ನು ಹಿಡಿದು, ಅವು ಉರಿಯುವುದನ್ನು ಕಂಡುಕೊಂಡನು. ಬೆಳ್ಳಂದೂರಿನಲ್ಲಿ ನಡೆದಿರುವುದೂ ಇದೇ ಕ್ರಿಯೆ. ದಂಡು ಪ್ರದೇಶದ ನೀರು ಜಯಮಹಲ್ ಕಡೆಯಿಂದ ಹಲಸೂರು ಕೆರೆಗೆ, ಅಲ್ಲಿಂದ ಕಾಲುವೆಗಳ ಮೂಲಕ ಇಂದಿರಾನಗರ, ದೊಮ್ಮಲೂರಿನ ಆಸುಪಾಸಿನ ನೀರನ್ನೂ ಸೇರಿಸಿಕೊಂಡು ಬೆಳ್ಳಂದೂರಿಗೆ, ಮುಂದೆ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಮಳೆಯ ನೀರು ಹರಿಯುತ್ತಿದ್ದಾಗ ಈ ಕೆರೆಗಳ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿತ್ತು. ಕೊಳಚೆ ಸೇರಿದ ಮೇಲೆ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ, ಮುಚ್ಚಳವಿಲ್ಲದ ಅನಿಲ ಸ್ಥಾವರದಂತಾಯಿತು. ಅನಿಲ ಹುಟ್ಟಿತು; ಆದರೆ ಒಲೆಗೂ ಬರಲಿಲ್ಲ, ಹೊಲಕ್ಕೆ ಗೊಬ್ಬರವೂ ಆಗಲಿಲ್ಲ. ಹೀಗೆ ಗಾಳಿಗೆ ಸೇರಿದ ಮಿಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಕೊಳಚೆಯನ್ನು ಮೊದಲೇ ಶುದ್ಧೀಕರಿಸಿದರೆ ಕೆರೆಯಲ್ಲಿ ಮಿಥೇನ್ ಹುಟ್ಟಲು ಆಹಾರವೇ ಉಳಿಯದು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ.

ಮುಚ್ಚಳವಿರುವ ಸ್ಥಾವರದ ಲೆಕ್ಕ ಬೇರೆ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ. ನಾಲ್ಕೈದು ದನಗಳಿರುವ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ದೊರೆತರೆ, ಅಷ್ಟೇ ನೀರು ಬೆರೆಸಿ ಹಾಕಿದಾಗ 2 ಘನ ಮೀಟರ್ ಅನಿಲ ಸಿಗುತ್ತದೆ. ಒಂದು ಘನ ಮೀಟರ್ ಅನಿಲವು ಸುಮಾರು 0.43 ಕಿಲೋ ಸಿಲಿಂಡರ್ ಅನಿಲಕ್ಕೆ ಅಥವಾ ಮೂರೂವರೆ ಕಿಲೋ ಸೌದೆಗೆ ಸಮ. ತಿಂಗಳಿಗೆ 60 ಘನ ಮೀಟರ್ ಎಂದರೆ ಸುಮಾರು 26 ಕಿಲೋ ಸಿಲಿಂಡರ್ ಅನಿಲ. ಎರಡು ಸಿಲಿಂಡರಿಗೆ ಸ್ವಲ್ಪ ಕಡಿಮೆ. ಸಗಣಿ ಕಡಿಮೆ ಹಾಕಿದರೆ, ಚಳಿ ಹೆಚ್ಚಾದರೆ ಅನಿಲವೂ ಕಡಿಮೆಯಾಗುತ್ತದೆ.

ಇನ್ನೊಂದು ಲಾಭವನ್ನು ಮರೆಯಬಾರದು. ಮಿಥೇನಿನಲ್ಲಿ ಇಂಗಾಲ, ಜಲಜನಕ ಬಿಟ್ಟರೆ ಬೇರೇನೂ ಇಲ್ಲ. ಸಗಣಿಯ ಸಾರಜನಕ, ರಂಜಕ, ಪೊಟ್ಯಾಷ್ ಒಲೆಗೆ ಹೋಗದೆ ಬಗ್ಗಡದಲ್ಲೇ ಉಳಿಯುತ್ತವೆ. ಬೆರಣಿ ತಟ್ಟಿ ಸುಟ್ಟರೆ ಸಾರಜನಕ ಹೊಗೆಯೊಡನೆ ಹೋಗುತ್ತದೆ. ಅದೇ ಸಗಣಿಯನ್ನು ಸ್ಥಾವರಕ್ಕೆ ಹಾಕಿದರೆ ಉರುವಲೂ ಸಿಗುತ್ತದೆ, ಗೊಬ್ಬರವೂ ಉಳಿಯುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಂಥ ಕಡೆ ಉಳಿಯುವ ಸೊಪ್ಪು, ತರಕಾರಿಯ ಕಸದಿಂದಲೂ ಅನಿಲ ತೆಗೆಯಬಹುದು. ಆದರೆ ಅದನ್ನು ಸಣ್ಣಗೆ ಕತ್ತರಿಸಿ ಸಗಣಿಯೊಡನೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಒಮ್ಮೆಲೇ ಸುರಿದರೆ ಹುಳಿಯೇರಿ ಅನಿಲ ನಿಲ್ಲುತ್ತದೆ.

ಪುರ ಗ್ರಾಮದ ಪಾಠ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅವರು ಊರಿಗೆಲ್ಲ ಸೇರಿದ ಅನಿಲ ಸ್ಥಾವರವನ್ನು ಕಟ್ಟಿದರು. ಮೊದಲ ಯೋಜನೆ ಅಡುಗೆಗೆ ಅನಿಲ ಕೊಡುವುದಾಗಿತ್ತು. ಊರಿನ ಸಗಣಿಯೆಲ್ಲ ಸೇರಿದರೂ ಎಲ್ಲ ಮನೆಗಳ ಅಡುಗೆಗೆ ಸಾಲದೆ ಆ ಪ್ರಯತ್ನ ಕೈಗೂಡಲಿಲ್ಲ. ಆಗ ಊರಿನವರಿಗೆ ಹೆಚ್ಚು ಬೇಕಾದುದು ಕುಡಿಯುವ ನೀರು ಎಂಬುದನ್ನು ಅರಿತು, 1987ರಿಂದ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ಉತ್ಪಾದಿಸಲಾಯಿತು. ಕೊಳವೆಬಾವಿಯ ನೀರು ಮೇಲೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ಕೊಟ್ಟ ಮನೆಗೆ ಬಗ್ಗಡ ಹಿಂತಿರುಗಿ ಬಂತು.

ಇಲ್ಲಿಯೂ ರಸಾಯನ ವಿಜ್ಞಾನವಿದೆ. ಮಿಥೇನ್ ತಾನಾಗಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದುದರಿಂದ ಗಾಳಿಯೊಡನೆ ಅನಿಲವನ್ನು ಒಳಗೆ ಬಿಟ್ಟು, ಸ್ವಲ್ಪ ಡೀಸೆಲನ್ನು ಬೆಂಕಿಕಡ್ಡಿಯಂತೆ ಬಳಸಲಾಗುತ್ತದೆ. ಉದ್ದ ಸರಪಳಿ ಕಿಡಿಯಾಗುತ್ತದೆ, ಚಿಕ್ಕ ಸರಪಳಿ ಉರುವಲಾಗುತ್ತದೆ. ಇದನ್ನು ಎರಡು ಇಂಧನಗಳ ಎಂಜಿನ್ ಎನ್ನುತ್ತಾರೆ. ಡೀಸೆಲಿನ ಬಹುಭಾಗ ಇದರಿಂದ ಉಳಿಯುತ್ತದೆ. ಎಷ್ಟು ಸಗಣಿಯಿದೆ, ಊರಿಗೆ ಏನು ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿ ಆಮೇಲೆ ಸ್ಥಾವರ ಕಟ್ಟಬೇಕೆಂಬುದು ಪುರದಿಂದ ವಿಸ್ತರಣಾ ಕಾರ್ಯಕರ್ತರು ಕಲಿಯಬೇಕಾದ ಪಾಠ.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

ಮಿಥೇನ್ ಗಾಳಿಗಿಂತ ಹಗುರ; ಗಾಳಿಯ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸೋರಿದರೆ ಮೇಲೇರಿ ಚಾವಣಿಯ ಕೆಳಗೆ ಸೇರುತ್ತದೆ. ಸಿಲಿಂಡರಿನ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಮೋರಿಯಲ್ಲಿ ನಿಲ್ಲುತ್ತದೆ. ಆದುದರಿಂದ ಸಿಲಿಂಡರನ್ನು ನೆಲಮಟ್ಟಕ್ಕಿಂತ ಕೆಳಗಿನ ಕೋಣೆಯಲ್ಲಿ ಇಡಬಾರದು. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ತುರ್ತು ಸಹಾಯಕ್ಕೆ 1906 ಸಂಖ್ಯೆಗೆ ಫೋನ್ ಮಾಡಬಹುದು. ಪ್ರೊಪೇನಿಗಾಗಲೀ ಬ್ಯೂಟೇನಿಗಾಗಲೀ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ.

ಮಿಥೇನ್ ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಬೆರೆತಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಹೊಸ ಸ್ಥಾವರದಲ್ಲಿ ಮೊದಲು ತುಂಬಿದ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಬೇಕು. ಕೊಳವೆ ಸೋರುತ್ತಿದೆಯೇ ಎಂದು ನೋಡಲು ಸಾಬೂನಿನ ನೀರು ಹಚ್ಚಬೇಕು, ಬೆಂಕಿಕಡ್ಡಿ ಗೀರಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಇದು. ಅನಿಲ ಸ್ಥಾವರದ ಒಳಗೆ, ಹಳೆಯ ಸಗಣಿ ಗುಂಡಿಗೆ, ಪಾಯಿಖಾನೆ ಗುಂಡಿಗೆ ಯಾರೂ ಇಳಿಯಕೂಡದು, ಕೂಲಿಯವರನ್ನು ಇಳಿಸಲೂಕೂಡದು. ಅಲ್ಲಿ ಮಿಥೇನ್ ಒಂದೇ ಇರುವುದಿಲ್ಲ. ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಗ್ಗಡ ಕಲಕಿದೊಡನೆ ಮೇಲೇಳುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ಹೋಯಿತೆಂದು ನಂಬುವ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಇಂತಹ ಕಡೆ ಒಬ್ಬನು ಬಿದ್ದರೆ, ಅವನನ್ನು ಎತ್ತಲು ಹಾರಿದ ಅಣ್ಣನೋ ಮಗನೋ ಅಲ್ಲಿಯೇ ಉಳಿಯುತ್ತಾನೆ. ಮೇಲಿನಿಂದಲೇ ಹಗ್ಗ ಹಾಕಿ ಎಳೆಯಲು ನೋಡಬೇಕು. ಅಗ್ನಿಶಾಮಕ ದಳವನ್ನು ಕರೆಯಬೇಕು. ಉಸಿರಾಟದ ಸಲಕರಣೆಯಿಲ್ಲದೆ ಇಳಿಯಬಾರದು. ಈ ಒಂದು ಮಾತನ್ನು ವಿಸ್ತರಣಾ ಕಾರ್ಯಕರ್ತರು ಪ್ರತಿ ಸ್ಥಾವರದ ಮನೆಯಲ್ಲೂ, ಹೆಂಗಸರು ಮಕ್ಕಳೆನ್ನದೆ ಎಲ್ಲರಿಗೂ ಹೇಳಬೇಕು.

ನೆನಪಿನಲ್ಲಿಡಬೇಕಾದುದು ಇಷ್ಟು: ಚಿಕ್ಕ ಸರಪಳಿ ಹಾರುತ್ತದೆ, ನಡುವಿನದು ನೆಲಕ್ಕೆ ಇಳಿಯುತ್ತದೆ, ಉದ್ದದ್ದು ಎಣ್ಣೆಯಾಗಿ ನಿಲ್ಲುತ್ತದೆ. ಒಂದೊಂದನ್ನೂ ಅದರದರ ಒಲೆಯಲ್ಲಿ, ಅದರದರ ಎಂಜಿನ್ನಿನಲ್ಲಿ ಉರಿಸಬೇಕು. ಹಲಸೂರಿನಿಂದ ಹರಿದ ಕೊಳಚೆ ಬೆಳ್ಳಂದೂರಿನಲ್ಲಿ ಬೆಂಕಿಯಾಯಿತು. ಪುರದ ಕೊಟ್ಟಿಗೆಗಳ ಸಗಣಿ ಕುಡಿಯುವ ನೀರನ್ನು ಮೇಲೆತ್ತಿತು. ಎರಡೂ ಕಡೆ ಹುಟ್ಟಿದ್ದು ಒಂದೇ ಅನಿಲ. ಅದನ್ನು ಮುಚ್ಚಳ ಹಾಕಿ ಹಿಡಿದುಕೊಳ್ಳುವ ಕೆಲಸ ರೈತನ ಹಿತ್ತಿಲಿನಲ್ಲೇ ಆರಂಭವಾಗಬಹುದು.